ಪರದೇಶದಲ್ಲಿ ಹೋಟೆಲ್ ಊಟ: ಪುಟ್ಟ ಮಕ್ಕಳ ಹೊಟ್ಟೆಯ ಬಗ್ಗೆ ಎಚ್ಚರವಿರಲಿ

ಕೆಲವು ವರ್ಷಗಳ ಹಿಂದೆ ನಾನು ಶಾರ್ಜಾದಲ್ಲಿ ಕುಟುಂಬ ಸಮೇತ ಇದ್ದೆ. ಆಗ ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಗುರುವಾರ ಸಂಜೆ ಎಲ್ಲರಂತೆ ನಾವೂ ಹೊರಗೆ ಹೋಗುತ್ತಿದ್ದೆವು. ಒಂದು ಗುರುವಾರ ಮಗ್ರಿಬ್ ಹೊತ್ತಿಗೆ ಚಿಕನ್ ಶವರ್ಮಾ ಕಟ್ಟಿಸಿಕೊಂಡು ಸಮುದ್ರದ ಬಳಿ ಹೋದೆವು. ಮೂರು ವರ್ಷದ ಮಗ ಕಾರಿನಲ್ಲೇ ನಿದ್ದೆಹೋದ. ಅವನ ಪಾಲು ಸೀಟಿನ ಮೇಲೇ ಉಳಿಯಿತು. ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಎದ್ದು ಹಸಿವೆಂದ. ಬೆಳ್ಳುಳ್ಳಿ ಸಾಸ್ ಸಮೇತ ಅದನ್ನೇ ಅವನ ಕೈಗಿತ್ತವನು ನಾನೇ.

ಫಜ್ರ್ ಹೊತ್ತಿಗೆ ವಾಂತಿ ಶುರುವಾಯಿತು, ನಂತರ ಭೇದಿ. ಮಧ್ಯಾಹ್ನಕ್ಕೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ವೈದ್ಯರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಯಾವಾಗ ಕೊಂಡಿರಿ? ಯಾವಾಗ ತಿನ್ನಿಸಿದಿರಿ? ನನ್ನ ರೋಗಿಗಳಿಗೆ ನಾನೇ ನೂರಾರು ಸಲ ಕೇಳಿದ ಪ್ರಶ್ನೆ ಅದು. ಉತ್ತರ ಹೇಳಲು ನಾಚಿಕೆಯಾಯಿತು. ಅಲ್‌ಹಮ್ದುಲಿಲ್ಲಾಹ್, ಎರಡು ದಿನದಲ್ಲಿ ಮಗ ಚೇತರಿಸಿಕೊಂಡ.

ಹೋಟೆಲ್‌ಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ವಾರವಿಡೀ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಮಗುವಿನೊಂದಿಗೆ ಇರುವ ತಾಯಿಗೆ ಅದು ಬೇಕು. ಆದರೆ ಊರಿನಲ್ಲಾದರೆ ಮಗು ಮಲಗಿದಾಗ ನೋಡಿಕೊಳ್ಳಲು ಅಜ್ಜಿ, ಚಿಕ್ಕಮ್ಮ ಇರುತ್ತಾರೆ. ಅಲ್ಲಿ ನೀವಿಬ್ಬರೇ. ಆದ್ದರಿಂದ ಎಚ್ಚರಿಕೆಯೂ ಇಮ್ಮಡಿ ಇರಬೇಕು.

ಗಡಿಯಾರ ನೋಡಿ

ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಅದರಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಅಂಥ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಒಂದು ಗಂಟೆ ಮಾತ್ರ. ಗಲ್ಫ್‌ನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ಪಾರ್ಸೆಲ್ ಕಟ್ಟಿಸಿದರೆ ನೇರ ಮನೆಗೆ ಹೋಗಿ. ಉಳಿದದ್ದನ್ನು ಬೇಗ ಫ್ರಿಜ್‌ನಲ್ಲಿಡಿ. ಹೊತ್ತು ಮೀರಿದ್ದನ್ನು ಬಿಸಿ ಮಾಡಿ ಮಗುವಿಗೆ ಕೊಡಬೇಡಿ. ಬಹಳ ಹೊತ್ತು ಹೊರಗಿದ್ದ ಅನ್ನದಲ್ಲಿ ಉಂಟಾಗುವ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಯುನಾನಿಯಲ್ಲಿ ಆರೋಗ್ಯ ಕಾಪಾಡುವ ಆರು ಅಗತ್ಯಗಳಲ್ಲಿ ಆಹಾರ-ಪಾನೀಯದ ಜೊತೆಗೆ ನಿದ್ದೆ-ಎಚ್ಚರವನ್ನೂ ಹೇಳಲಾಗಿದೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನ ಮಗುವಿಗೆ ತಿನ್ನಿಸುವುದು ಎರಡನ್ನೂ ಕೆಡಿಸುತ್ತದೆ. ಮನೆಯಲ್ಲೇ ಅರ್ಧ ಊಟ ಮಾಡಿಸಿ, ಮಗ್ರಿಬ್ ಮುಗಿದೊಡನೆ ಹೊರಡಿ. ಇಶಾದ ನಂತರದ ನೂಕುನುಗ್ಗಲಿಗೆ ಮುಂಚೆ ಊಟ ಮುಗಿಯುತ್ತದೆ.

ಏನು ತಿನ್ನಿಸಬೇಕು?

ಶವರ್ಮಾದ ಕೋಳಿ ಹೊರಗಿನಿಂದ ಒಳಕ್ಕೆ ಬೇಯುತ್ತದೆ. ಗಿರಾಕಿಗಳು ಸಾಲುಗಟ್ಟಿದಾಗ ಒಳಪದರ ಬೇಯುವ ಮೊದಲೇ ಹೆರೆದು ಕೊಡುವುದುಂಟು. ಒಳಗೂ 74 ಡಿಗ್ರಿ ತಲುಪಿದರೆ ಮಾತ್ರ ಕೋಳಿ ಸುರಕ್ಷಿತ. ಸಣ್ಣ ಮಗುವಿಗೆ ಶವರ್ಮಾಕ್ಕಿಂತ ಆಗಲೇ ಬೇಯಿಸಿದ, ಆವಿಯಾಡುವ ಬೇಳೆ ಸೂಪ್, ಬಿಸಿ ರೊಟ್ಟಿ, ಮುಳ್ಳು ತೆಗೆದ ಮೀನು ಲೇಸು. ಉಪ್ಪು, ಖಾರ ಕಡಿಮೆ ಹಾಕಲು ಹೇಳಿ. ಕೇಳಲು ಸಂಕೋಚ ಬೇಡ.

ಮಯೊನೈಸ್ ಮತ್ತು ಬೆಳ್ಳುಳ್ಳಿ ಸಾಸ್‌ನಲ್ಲಿ ಹಸಿ ಮೊಟ್ಟೆ ಇರಬಹುದು. ಅದರಿಂದ ಸಾಲ್ಮೊನೆಲ್ಲಾ ಸೋಂಕಿನ ಭಯವಿದೆ. ನಮ್ಮ ನೆರೆಯ ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೈಸನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಐದು ವರ್ಷದೊಳಗಿನವರಿಗೆ ಇದನ್ನು ಕೊಡದಿರುವುದೇ ಒಳ್ಳೆಯದು.

ಯೆಮನಿ ಹೋಟೆಲ್‌ಗಳ ಮಅಸೂಬ್ ಬಾಳೆಹಣ್ಣಿನದ್ದೆಂದು ಹಸುಗೂಸಿಗೂ ತಿನ್ನಿಸುತ್ತಾರೆ. ಅದರ ಮೇಲೆ ಜೇನು ಸುರಿದಿರುತ್ತದೆ. ಜೇನಿನಲ್ಲಿ ಶಿಫಾ ಇದೆ, ನಿಜ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.

ಹುಮ್ಮುಸ್‌ನಲ್ಲಿ ಎಳ್ಳು ಇದೆ. ಎಳ್ಳು, ಬೀಜಗಳು ಕೆಲವು ಮಕ್ಕಳಿಗೆ ಅಲರ್ಜಿ. ಇಂಥವುಗಳ ಮೊದಲ ರುಚಿ ಮನೆಯಲ್ಲಿ ಆಗಲಿ, ಹೋಟೆಲ್‌ನಲ್ಲಿ ಬೇಡ. ಮಂದಿಯ ಮೇಲೆ ಉದುರಿಸಿದ ಇಡೀ ಬಾದಾಮಿ, ಗೇರುಬೀಜ, ಬೀಜ ತೆಗೆಯದ ಆಲಿವ್, ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೊದಲೇ ಆರಿಸಿ ತೆಗೆಯಿರಿ.

330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಏಳೆಂಟು ಚಮಚ ಇರುತ್ತದೆ. ಕಡಕ್ ಚಹಾ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಮಗುವಿಗೆ ನೀರೇ ಸಾಕು.

ಒಂದೇ ತಳಿಗೆಯ ಊಟ

ಒಂದೇ ತಳಿಗೆಯಲ್ಲಿ ಕೂಡಿ ಉಣ್ಣುವುದು ನಮಗೆ ಪ್ರಿಯ. ದೊಡ್ಡವರ ಕೈ ಬೀಳುವ ಮೊದಲೇ ಮಗುವಿನ ಪಾಲನ್ನು ಬೇರೆ ತಟ್ಟೆಗೆ ಹಾಕಿ. ತಳಿಗೆಯ ತುಂಬ ಕೈಯಾಡಿಸುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾರಿಗೆ, ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನು ತಿನ್ನುವಂತೆ ಪ್ರವಾದಿ(ಸ) ಕಲಿಸಿದ್ದು ನಮಗೆ ಗೊತ್ತು. ಶಿಷ್ಟಾಚಾರದ ಜೊತೆ ಶುಚಿತ್ವದ ಪಾಠವೂ ಅದರಲ್ಲಿದೆ. ಊಟಕ್ಕೆ ಮುಂಚೆ ಮಗುವಿನ ಕೈಯನ್ನು ಸೋಪು ಹಾಕಿ ತೊಳೆಯಿರಿ. ಒದ್ದೆ ಟಿಶ್ಯೂವಿನಿಂದ ಒರೆಸಿದರೆ ಸಾಲದು.

ಹೊಟ್ಟೆ ಕೆಟ್ಟರೆ

ಯುನಾನಿ ವೈದ್ಯನಾಗಿ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ವಾಂತಿ-ಭೇದಿಯಾದ ಮಗುವಿಗೆ ಮನೆಯಲ್ಲಿರುವ ಜವಾರಿಶ್ ಅಥವಾ ಅರ್ಕ್ ಕುಡಿಸುತ್ತಾ ಕೂರಬೇಡಿ. ಅವು ದೊಡ್ಡವರ ಅಜೀರ್ಣಕ್ಕೆ ಸರಿ. ಮಗು ಕಳೆದುಕೊಳ್ಳುತ್ತಿರುವುದು ನೀರು ಮತ್ತು ಲವಣ. ಅದಕ್ಕೆ ಮದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡುತ್ತಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ತಿನ್ನುವ ಮಗುವಿಗೆ ತೆಳು ಗಂಜಿ ಒಳ್ಳೆಯದು. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.

ಆರು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಅಥವಾ ಮಗುವಿಗೆ ಇನ್ನೂ ಆರು ತಿಂಗಳು ತುಂಬಿರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಳೆ ಡ್ಯೂಟಿ ಇದೆ, ಇನ್ಶೂರೆನ್ಸ್ ಕಾರ್ಡ್ ನವೀಕರಿಸಿಲ್ಲ ಎಂದು ಬೆಳಗಿನವರೆಗೆ ಕಾಯಬೇಡಿ. ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ತಿಳಿದುಕೊಂಡಿರಿ.

ಮುಂದಿನ ವಾರ ಹೊರಡುವಾಗ ಮಗುವಿನ ಚೀಲದಲ್ಲಿ ಒಂದು ಚಮಚ, ನೀರಿನ ಬಾಟ್ಲಿ, ಎರಡು ಬಾಳೆಹಣ್ಣು ಇರಲಿ. ಮನೆಯ ಕಪಾಟಿನಲ್ಲಿ ಓಆರ್‌ಎಸ್‌ನ ನಾಲ್ಕು ಪೊಟ್ಟಣ ಇರಲಿ. ಮಗು ಕಾರಿನಲ್ಲಿ ನಿದ್ದೆಹೋದರೆ ಮಲಗಲು ಬಿಡಿ. ಅವನ ಪಾಲಿನ ಶವರ್ಮಾವನ್ನು ಎತ್ತಿಡಬೇಡಿ.