ಗಾಜಿನೊಳಗಣ ಕಡಲಿನ ನಿತ್ಯೋಪಚಾರ

ಹವಳದ ಜೀವಿಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬದುಕಿಸಿ ಬೆಳೆಸುವ ವಿದ್ಯೆ ಯೂರೋಪು ಅಮೆರಿಕಗಳಲ್ಲಿ ಇಂದು ಪ್ರೌಢವಾದೊಂದು ಗೃಹಕಲೆಯೆನಿಸಿಕೊಂಡಿದೆ. ಅಂಥ ತೊಟ್ಟಿಯ ಮುಂದೆ ನಿಂತವರು ಮೆಚ್ಚುವುದು ಅದರ ವರ್ಣವೈಭವವನ್ನು. ಆ ವೈಭವವನ್ನು ಹೊತ್ತು ನಿಂತಿರುವ ಪಂಪು, ಹೀಟರು, ಮಾಪಕಗಳು ತೊಟ್ಟಿಯ ಕೆಳಗಣ ಕಪಾಟಿನಲ್ಲಿ ಅಡಗಿರುತ್ತವೆ. ಈ ಕಲೆಯ ಸತ್ತ್ವವಿರುವುದು ಆ ಕಪಾಟಿನಲ್ಲಿ ಎಂದೇ ನನ್ನ ಭಾವನೆ. ಕಡಲಿನ ಕ್ಷಮಾಗುಣವೆಲ್ಲ ಅದರ ಅಗಾಧತೆಯಲ್ಲಿದೆ: ಮೀನೊಂದು ಸತ್ತು ಕೊಳೆತರೂ, ಮಧ್ಯಾಹ್ನದ ಬಿಸಿಲು ತುಸು ಏರಿದರೂ, ಅದರ ಲವಣಾಂಶವಾಗಲಿ ಉಷ್ಣತೆಯಾಗಲಿ ಅಷ್ಟರಿಂದ ಕದಲುವುದಿಲ್ಲ. 300 ಲೀಟರಿನ ತೊಟ್ಟಿಗೆ ಆ ಕ್ಷಮೆಯಿಲ್ಲ. ಕಡಲಿನಲ್ಲಿ ವೈಶಾಲ್ಯವು ಮಾಡುವ ಕೆಲಸವನ್ನು ಇಲ್ಲಿ ಕ್ರಮ ತಪ್ಪದ ಮನುಷ್ಯಹಸ್ತ ಮಾಡಬೇಕಾಗುತ್ತದೆ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹವು ತೆರೆದ ಮೇಲೆ, ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಪ್ರಕಟಿಸಿ ಮನೆಮನೆಗೂ ಈ ಹವ್ಯಾಸವನ್ನು ಪರಿಚಯಿಸಿದನು. ಆದರೆ ಉಷ್ಣವಲಯದ ಹವಳಗಳು ಮನೆಯ ತೊಟ್ಟಿಗೆ ಒಗ್ಗಲು ಇನ್ನೂ ನೂರು ವರ್ಷ ಹಿಡಿಯಿತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ, ಜೀವಾಣುಗಳಿಂದ ತುಂಬಿದ ಸಮುದ್ರದ ಕಲ್ಲು ಮತ್ತು ಗಾಳಿಯ ಗುಳ್ಳೆಗಳ ಬಲದಿಂದಲೇ ತೊಟ್ಟಿಯನ್ನು ನಡೆಸುವ ತನ್ನ ಪದ್ಧತಿಯನ್ನು ವಿವರಿಸಿದನು. ಅನಂತರ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಎರೆದು ಹವಳದ ಅಸ್ಥಿಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಒದಗಿಸುವ ಮಾರ್ಗವನ್ನು ಪ್ರಚುರಗೊಳಿಸಿದನು. ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಕಲ್ಲು, ತೀವ್ರವಾದ ಬೆಳಕು, ಪ್ರೋಟೀನ್ ಸ್ಕಿಮ್ಮರ್ ಇವುಗಳನ್ನು ಕೂಡಿಸಿ ರೂಪಿಸಿದ ಪದ್ಧತಿಗೆ ಅವರ ನಗರದ ಹೆಸರೇ ನಿಂತಿತು.

ಸ್ಕಿಮ್ಮರಿನ ತತ್ತ್ವವನ್ನು ಮಲ್ಪೆಯಲ್ಲೋ ಕಾರವಾರದಲ್ಲೋ ಅಲೆಯೊಡನೆ ದಡಕ್ಕೆ ಬಂದು ಬೀಳುವ ನೊರೆಯಲ್ಲಿಯೇ ಕಾಣಬಹುದು. ಪ್ರೋಟೀನಿನಂಥ ಅಣುಗಳ ಒಂದು ಭಾಗ ನೀರನ್ನು ಬಯಸಿದರೆ ಮತ್ತೊಂದು ಭಾಗ ನೀರಿನಿಂದ ದೂರ ಸರಿಯುತ್ತದೆ. ಆದುದರಿಂದ ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರುತ್ತವೆ. ಉಪ್ಪುನೀರಿನಲ್ಲಿ ಅತಿಸೂಕ್ಷ್ಮವಾದ ಗುಳ್ಳೆಗಳನ್ನು ಎಬ್ಬಿಸಿ, ಆ ನೊರೆಯನ್ನು ಕಿರಿದಾದ ಕೊರಳಿನ ಮೂಲಕ ಮೇಲಣ ಬಟ್ಟಲಿಗೆ ಏರಿಸಿದರೆ, ಕೊಳೆತು ವಿಷವಾಗಬೇಕಾಗಿದ್ದ ಕಲ್ಮಷವು ಕಂದು ಕಷಾಯವಾಗಿ ಅಲ್ಲಿ ಶೇಖರವಾಗುತ್ತದೆ. ಆದರೆ ಆ ಕೊರಳಿನ ಒಳಮೈಗೆ ಜಿಡ್ಡು ಹತ್ತಿತೆಂದರೆ ನೊರೆ ಏರದೆ ಕುಸಿಯುತ್ತದೆ. ಯಂತ್ರವು ಸದ್ದುಮಾಡುತ್ತ ಓಡುತ್ತಿದ್ದರೂ ಕೆಲಸ ನಿಂತಿರುತ್ತದೆ. ವಾರಕ್ಕೊಮ್ಮೆಯಾದರೂ ಬಟ್ಟಲನ್ನೂ ಕೊರಳನ್ನೂ ಸಿಹಿನೀರಿನಲ್ಲಿ ತೊಳೆಯಬೇಕು. ಗಾಳಿ ಎಳೆಯುವ ನಳಿಕೆಯ ಬಾಯಲ್ಲಿ ಉಪ್ಪು ಹರಳುಗಟ್ಟಿದ್ದರೆ ಬೆಚ್ಚನೆಯ ಸಿಹಿನೀರು ಹರಿಸಿ ಕರಗಿಸಬೇಕು.

ಪಂಪಿನ ಕಥೆ ಬೇರೆ. ಹವಳವು ತನ್ನ ಅಸ್ಥಿಯನ್ನು ಕಟ್ಟಿಕೊಳ್ಳಲೆಂದು ನಾವು ನೀರಿಗೆ ಸೇರಿಸುವ ಸುಣ್ಣವು ಪಂಪಿನ ಬಿಸಿಯಾದ ಮೈಮೇಲೂ ಇಂಪೆಲ್ಲರಿನ ಮೇಲೂ ಕೂತು ಗಟ್ಟಿಯಾಗುತ್ತದೆ. ಸುಣ್ಣಗಟ್ಟಿದ ಪಂಪು ಓಡುತ್ತಿರುವವರೆಗೂ ಓಡುತ್ತದೆ. ಒಮ್ಮೆ ಕರೆಂಟು ಹೋಗಿ ಬಂದಾಗ ಮಾತ್ರ ಮತ್ತೆ ತಿರುಗಲಾರದೆ ನಿಲ್ಲುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ನೀರು ಬೆರೆಸಿದ ವಿನೆಗರಿನಲ್ಲಿಯೋ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿಯೋ ಕೆಲವು ಗಂಟೆ ನೆನೆಯಿಟ್ಟು ಉಜ್ಜುವುದು ಇದಕ್ಕೆ ಪರಿಹಾರ. ಜೊತೆಗೆ ಆಗಾಗ ಪಂಪನ್ನು ಬೇಕೆಂದೇ ಆರಿಸಿ ನೋಡಬೇಕು. ಆಗ ಮೇಲಣ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು, ಪಂಪು ಕುಳಿತಿರುವ ಕಪಾಟಿನೊಳಗಣ ಕೆಳಗಣ ತೊಟ್ಟಿಗೆ ಇಳಿಯುತ್ತದೆ. ಆ ಹರಿವನ್ನು ತಡೆಯಲು ಕೊಳವೆಯಲ್ಲಿ ಕೊರೆದಿಟ್ಟ ಸಣ್ಣ ರಂಧ್ರವು ಪಾಚಿಯಿಂದ ಮುಚ್ಚಿಹೋಗಿದ್ದರೆ, ಕೆಳಗಣ ತೊಟ್ಟಿ ತುಂಬಿ ನೆಲಕ್ಕೆಲ್ಲ ಉಪ್ಪುನೀರು ಹರಡೀತು. ಮನೆಯಲ್ಲಿ ಯಾರೂ ಇಲ್ಲದ ರಾತ್ರಿ ತಿಳಿಯುವ ಈ ಸಂಗತಿಯನ್ನು ನಾವು ಎದುರಿಗಿರುವಾಗಲೇ ತಿಳಿದುಕೊಳ್ಳುವುದು ಲೇಸು.

ಹೀಟರಿನ ದೋಷ ಇನ್ನೂ ಘೋರವಾದುದು. ಅದರೊಳಗಣ ಥರ್ಮೋಸ್ಟಾಟಿನ ಲೋಹದ ತುದಿಗಳು ಸಾವಿರ ಸಾರಿ ಕೂಡಿ ಬಿಟ್ಟು, ಕಡೆಗೊಮ್ಮೆ ಬೆಸೆದುಕೊಂಡುಬಿಟ್ಟರೆ, ಹೀಟರು ಆರುವುದೇ ಇಲ್ಲ. 25–26 ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಹವಳವು 30 ಡಿಗ್ರಿಯನ್ನು ಮೀರಿದ ನೀರಿನಲ್ಲಿ ದಿನಗಟ್ಟಲೆ ಇರಬೇಕಾದರೆ ತನ್ನ ಮೈಯೊಳಗಣ ಪಾಚಿಯನ್ನು ಕಳೆದುಕೊಂಡು ಬಿಳಚುತ್ತದೆ. ಇದನ್ನು ಬಲ್ಲವರು 300 ವಾಟಿನ ಒಂದು ಹೀಟರಿಗೆ ಬದಲಾಗಿ 150 ವಾಟಿನ ಎರಡನ್ನಿಟ್ಟು, ಪ್ರತ್ಯೇಕವಾದೊಂದು ನಿಯಂತ್ರಕವನ್ನು ಜೋಡಿಸುತ್ತಾರೆ: ಒಂದು ಆರದೆ ಉಳಿದರೂ ನೀರನ್ನು ಕುದಿಸಲಾರದು, ಒಂದು ಸತ್ತರೂ ಇನ್ನೊಂದು ಶೀತವನ್ನು ತಡೆದೀತು. ಆದರೂ ನಿಯಂತ್ರಕದ ಅಂಕಿಯನ್ನು ಮಾತ್ರ ನಂಬದೆ, ಬೇರೊಂದು ಥರ್ಮಾಮೀಟರಿನೊಡನೆ ಅದನ್ನು ತಾಳೆನೋಡಬೇಕು.

ಅಳೆಯುವ ಉಪಕರಣವನ್ನೇ ಅಳೆಯಬೇಕೆಂಬ ಈ ನಿಯಮವು ಲವಣಮಾಪನದಲ್ಲಿ ಇನ್ನಷ್ಟು ಮುಖ್ಯ. ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಲವಣವುಂಟು. ಶುದ್ಧಜಲವನ್ನಿಟ್ಟು ಸೊನ್ನೆಗೆ ಸರಿಹೊಂದಿಸಿದ ರಿಫ್ರಾಕ್ಟೋಮೀಟರು 35ರಲ್ಲಿಯೂ ನಿಜವನ್ನೇ ನುಡಿಯುವುದೆಂಬ ಭರವಸೆಯಿಲ್ಲವಾಗಿ, 35 ಪಾಲಿನ ಪ್ರಮಾಣದ್ರಾವಣದಿಂದಲೇ ಅದನ್ನು ಪರೀಕ್ಷಿಸಬೇಕು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ; ಆದುದರಿಂದ ಪ್ರತಿದಿನವೂ ತುಂಬಬೇಕಾದುದು ಸಿಹಿನೀರು. ಅದನ್ನು ತಾನಾಗಿ ತುಂಬುವ ಯಂತ್ರದ ಫ್ಲೋಟ್ ಸ್ವಿಚ್ಚಿನ ಮೇಲೆ ಬಸವನಹುಳುವೊಂದು ಹತ್ತಿ ಕುಳಿತರೆ ಸಿಹಿನೀರು ಸುರಿಯುತ್ತಲೇ ಇದ್ದೀತು. ಅಷ್ಟೂ ಸುರಿದರೂ ಹವಳ ಸಾಯದಷ್ಟು ಸಣ್ಣದಾದ ಪಾತ್ರೆಯಲ್ಲಿ ಆ ನೀರನ್ನಿಡುವವನನ್ನೇ ನಾನು ವಿವೇಕಿಯೆನ್ನುವೆನು. ವಿದ್ಯುತ್ತಿನ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ: ತಂತಿಗಳು ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ನೀರಹನಿಯನ್ನು ಅಲ್ಲಿಯೇ ಬೀಳಿಸುವಂತಿರಬೇಕು, ಸೋರಿಕೆಯ ವಿದ್ಯುತ್ತನ್ನು ಕಡಿಯುವ ಬ್ರೇಕರಿನ ಪರೀಕ್ಷಾಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ನೇತ್ರಾಣಿ ದ್ವೀಪದ ಹವಳವನ್ನು ಕಂಡವರಿಗೆ ಅದರದೊಂದು ತುಂಡು ಮನೆಯಲ್ಲಿದ್ದರೆ ಎಂಬ ಆಸೆ ಮೂಡಬಹುದು; ಮೂಡಿದರೆ ಅದನ್ನು ಅಲ್ಲಿಯೇ ಬಿಡಬೇಕು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿರುವುದರಿಂದ ನಮ್ಮ ಕಡಲಿನಿಂದ ಅವನ್ನು ಕೀಳುವುದು ಅಪರಾಧ, ಮತ್ತು ಅದು ಅಪರಾಧವಾಗಿರುವುದು ನ್ಯಾಯವೇ ಸರಿ. ಹೊರದೇಶಗಳ ಹವ್ಯಾಸಿಗಳಲ್ಲಿಯೂ ಬಹುಮಂದಿ, ಒಬ್ಬರ ತೊಟ್ಟಿಯಲ್ಲಿ ಬೆಳೆದ ಹವಳದ ಕೊಂಬೆಯನ್ನು ಕತ್ತರಿಸಿ, ಸಣ್ಣ ಬಿಲ್ಲೆಗೆ ಅಂಟಿಸಿ, ಮತ್ತೊಬ್ಬರಿಗೆ ಕೊಡುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ.

ಅವರಲ್ಲಿ ಅನುಭವಸ್ಥರು ಪಾಲಿಸುವ ಇನ್ನೊಂದು ಕಟ್ಟಳೆಯುಂಟು. ಪ್ರವಾಸದ ಹಿಂದಿನ ದಿನ ಅವರು ಯಾವ ಉಪಕರಣವನ್ನೂ ಬಿಚ್ಚಿ ತೊಳೆಯುವುದಿಲ್ಲ, ಹೊಸದನ್ನು ಜೋಡಿಸುವುದೂ ಇಲ್ಲ. ಆಗತಾನೆ ತೊಳೆದ ಸ್ಕಿಮ್ಮರು ಮರಳಿ ಹದಕ್ಕೆ ಬರುವ ಮೊದಲು ಉಕ್ಕಿ ಚೆಲ್ಲಬಹುದು, ಬಿಗಿದ ಕೊಳವೆಯ ಸಂದು ಎರಡು ದಿನದ ಮೇಲೆ ತೊಟ್ಟಿಕ್ಕಲಾರಂಭಿಸಬಹುದು. ಆದುದರಿಂದ ಆ ಕೆಲಸಗಳನ್ನೆಲ್ಲ ವಾರಕ್ಕೆ ಮೊದಲೇ ಮುಗಿಸಿ, ಮೀನಿನ ಆಹಾರವನ್ನು ದಿನಕ್ಕೊಂದರಂತೆ ಪೊಟ್ಟಣಕಟ್ಟಿ ನೆರೆಯವರ ಕೈಗಿತ್ತು, ಅದಕ್ಕಿಂತ ಒಂದು ಚಿಟಿಕೆಯನ್ನೂ ಹೆಚ್ಚು ಹಾಕಬಾರದೆಂದು ಹೇಳಿ ಹೊರಡುತ್ತಾರೆ.