ಎರಡು ಲಕ್ಷ ವರ್ಷದ ಸಾಲ

ಮಲಾಡ್ ಸ್ಟೇಷನ್ನಿನಿಂದ ಮಢ್ ಕಡೆಗೆ ಹೋಗುವ 271ನೇ ನಂಬರಿನ ಬೆಸ್ಟ್ ಬಸ್ಸು ಹತ್ತಿದರೆ ದಾರಿಯಲ್ಲಿ ಎರಂಗಳ್ ಸಿಗುತ್ತದೆ. ಅಲ್ಲಿ ಕಡಲ ದಂಡೆಯಲ್ಲೇ ಸಂತ ಬೊನವೆಂಚರ್ ಇಗರ್ಜಿ. ಪೋರ್ಚುಗೀಸರು ಅದನ್ನು ಕಟ್ಟಿದ್ದು 1575ರಲ್ಲಿ. ರಕ್ಕಸತಂಗಡಿಯ ಕದನ ಮುಗಿದು ಆಗ ಹತ್ತೇ ವರ್ಷ! ತಾಜಮಹಲಿನ ಕೆಲಸ ಶುರುವಾಗಲು ಇನ್ನೂ 50 ವರ್ಷಕ್ಕೂ ಹೆಚ್ಚು ಕಾಲ ಬಾಕಿ. ಜನವರಿಯ ಎರಡನೇ ಭಾನುವಾರ ಅಲ್ಲಿ ಹಬ್ಬ. ಮುಂಬಯಿಯ ಮೂಲೆಮೂಲೆಯಿಂದ ಜನ ಬಂದು ಸೇರುತ್ತಾರೆ. ನಾಲ್ಕೂವರೆ ಶತಮಾನದ ಗೋಡೆ ಕಂಡರೆ ಯಾರಿಗಾದರೂ ತಲೆಬಾಗಬೇಕೆನಿಸುತ್ತದೆ. ಆದರೆ ಆ ಗೋಡೆಯೊಳಗೆ ಓದುವ ಗ್ರಂಥದ ಮುಂದೆ ಗೋಡೆ ನಿನ್ನೆ ಮೊನ್ನೆಯದು.

1947ರಲ್ಲಿ ಮೃತ ಸಮುದ್ರದ ಬಳಿ, ಕುಮ್ರಾನಿನ ಗುಹೆಯೊಂದರಲ್ಲಿ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಸಿಕ್ಕಿತು. 17 ತೊಗಲಿನ ಹಾಳೆಗಳನ್ನು ಹೊಲಿದು ಕೂಡಿಸಿದ ಸುರುಳಿ, ಉದ್ದ 7.34 ಮೀಟರ್. ಬಿಚ್ಚಿ ಹಾಸಿದರೆ ಆರು ಗಜದ ಸೀರೆಯನ್ನೂ ಮೀರಿ ಎರಡು ಮೀಟರಿನಷ್ಟು ಮುಂದೆ ಚಾಚುತ್ತದೆ. ಬರೆದು 2,100 ವರ್ಷ ದಾಟಿದೆ. ನಮ್ಮ ಹಲ್ಮಿಡಿ ಶಾಸನವನ್ನು ಕೊರೆದವನು ಹುಟ್ಟುವುದಕ್ಕೆ ಐದು ಶತಮಾನಕ್ಕೂ ಮೊದಲೇ ಇದರ ಶಾಯಿ ಒಣಗಿತ್ತು! ಇಂದು ಪೂರ್ಣವಾಗಿ ಉಳಿದಿರುವ ಹೀಬ್ರೂ ಬೈಬಲಿನ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯದು 1008ರದು. ಒಂದೇ ಸುರುಳಿ ಕಾಲವನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಜಗ್ಗಿತು. ನಜರೇತಿನ ಸಭಾಮಂದಿರದಲ್ಲಿ ಯೇಸು ಎದ್ದು ನಿಂತು ಓದಿದ್ದು ಇದೇ ಯೆಶಾಯನ ಮಾತುಗಳನ್ನು ಎನ್ನುತ್ತದೆ ಲೂಕನ ಸುವಾರ್ತೆ. ಎರಂಗಳಿನ ಕ್ರೈಸ್ತನೂ ಯೆಹೂದ್ಯನೂ ಓದುವ ಯೆಶಾಯ ಒಬ್ಬನೇ.

ಯೆಹೂದ್ಯರನ್ನು ಹುಡುಕಿ ಜೆರುಸಲೇಮಿಗೆ ಹೋಗಬೇಕಿಲ್ಲ. ಮುಂಬಯಿಯ ಮಾಂಡ್ವಿಯಲ್ಲಿ 1796ರಲ್ಲಿ ಸ್ಥಾಪಿಸಿದ ಸಿನಗಾಗ್ ಇದೆ. ಊರಿನಲ್ಲೇ ಅತಿ ಹಳೆಯದು. ಕಟ್ಟಿಸಿದ ಸ್ಯಾಮುಯೆಲ್ ದಿವೇಕರ್ ಬ್ರಿಟಿಷ್ ಸೇನೆಯಲ್ಲಿದ್ದವರು. ಟಿಪ್ಪುವಿನ ಸೆರೆಯಲ್ಲಿದ್ದು ಬದುಕಿ ಬಂದದ್ದಕ್ಕೆ ಹೊತ್ತ ಹರಕೆ ಇದು ಎಂಬ ಮಾತು ಅವರ ಸಮುದಾಯದಲ್ಲಿ ಇಂದಿಗೂ ಇದೆ. ಇಂಥ ಮಂದಿರದಲ್ಲಿ ಓದುವ, ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಸುರುಳಿಯಲ್ಲಿ 3,04,805 ಅಕ್ಷರ, ಎಲ್ಲವೂ ಕೈಬರಹ. ಅಕ್ಷರಕ್ಕೆ 10 ಸೆಕೆಂಡ್ ಹಿಡಿದು ದಿನಕ್ಕೆ 8 ಗಂಟೆ ಬರೆದರೂ ಮೂರೂವರೆ ತಿಂಗಳು ಬೇಕು. ಒಂದು ಅಕ್ಷರ ಬಿಟ್ಟುಹೋದರೆ, ತಿದ್ದುವ ತನಕ ಸುರುಳಿ ಓದಿಗೆ ಸಲ್ಲದು! ಅದರಲ್ಲಿರುವ ಆಜ್ಞೆಗಳು 613 ಎಂದು ರಬ್ಬಿಗಳ ಲೆಕ್ಕ. ಯಾವುದು ದೊಡ್ಡದು ಎಂದು ಕೇಳಿದಾಗ ಯೇಸು ಹೆಕ್ಕಿಕೊಟ್ಟದ್ದು ಎರಡೇ ಎರಡು: ದೇವರನ್ನು ಪ್ರೀತಿಸು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಎರಡೂ ತೋರಾದವೇ.

ಈಗ ಪಠ್ಯದೊಳಗಿನ ಲೆಕ್ಕಕ್ಕೆ ಬನ್ನಿ. ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಲ್ಲಿ ದೇವರ ಕೋಪಕ್ಕೂ ಅಳತೆಯಿದೆ, ಪ್ರೀತಿಗೂ ಇದೆ. ಕೋಪ ಮೂರು ನಾಲ್ಕು ತಲೆಮಾರಿನವರೆಗೆ. ಪ್ರೀತಿ ಸಾವಿರ ತಲೆಮಾರಿನವರೆಗೆ. ತಲೆಮಾರಿಗೆ 25 ವರ್ಷವೆಂದರೆ ಕೋಪದ ಆಯುಸ್ಸು 100 ವರ್ಷ, ಪ್ರೀತಿಯದು 25,000 ವರ್ಷ! ಹಲ್ಮಿಡಿಯಿಂದ ನಮ್ಮವರೆಗೆ ಕನ್ನಡಿಗರು ಕಂಡಿರುವುದು ಸುಮಾರು 63 ತಲೆಮಾರು. ಸಾವಿರಕ್ಕೆ ಇನ್ನೂ 937 ಬಾಕಿ.

ಕೊಡುವ ಕೈಯೂ ಅಷ್ಟೇ ದೊಡ್ಡದು. ಅಬ್ರಹಾಮನ ಡೇರೆಗೆ ಮೂವರು ಅತಿಥಿಗಳು ಬಂದಾಗ ಸಾರಳಿಗೆ ಅವನು ನಾದಲು ಹೇಳಿದ ಹಿಟ್ಟು ಆ ಕಾಲದ ಅಳತೆಯಲ್ಲಿ ಮೂರು ಸೆಯಾ. ಕಡಿಮೆ ಎಂದರೂ 12 ಕಿಲೋ. ನಮ್ಮ ಲೆಕ್ಕದಲ್ಲಿ 400 ಚಪಾತಿ, ತಲೆಗೆ 133. ಅಷ್ಟು ಹಿಟ್ಟನ್ನು ಒಬ್ಬಳೇ ನಾದಿದರೆ ರಟ್ಟೆ ಬಿದ್ದುಹೋಗುತ್ತದೆ. ಯೇಸು ದೇವರ ರಾಜ್ಯವನ್ನು ಹುಳಿಹಿಟ್ಟಿಗೆ ಹೋಲಿಸಿದಾಗಲೂ ಕಥೆಯ ಹೆಂಗಸು ಕಲಸಿದ್ದು ಸರಿಯಾಗಿ ಅದೇ ಮೂರು ಸೆಯಾ. ಕೇಳುತ್ತಿದ್ದ ಯೆಹೂದ್ಯರಿಗೆ ಸಾರಳ ಅಡುಗೆ ನೆನಪಾಗದೆ ಇದ್ದೀತೆ? ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಲ್ಲಿನ ಬಾನೆಗಳು ಆರು. ಅವುಗಳಲ್ಲಿ ಹಿಡಿಯುತ್ತಿದ್ದದ್ದು ಸುಮಾರು 470ರಿಂದ 700 ಲೀಟರ್. ಹಳ್ಳಿಯ ಒಂದು ಮದುವೆಗೆ ಇಷ್ಟು!

ಇವೆಲ್ಲವನ್ನೂ ಮೀರಿಸುವ ಸಂಖ್ಯೆ ಮತ್ತಾಯನ ಸುವಾರ್ತೆಯಲ್ಲಿದೆ. ತಪ್ಪು ಮಾಡಿದ ಸೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳುತ್ತಾನೆ. ಯೇಸುವಿನ ಉತ್ತರವನ್ನು ಕೆಲವರು 77 ಎಂದು, ಕೆಲವರು 490 ಎಂದು ಓದುತ್ತಾರೆ. ಆದಿಕಾಂಡದಲ್ಲಿ ಲೆಮೆಕನೆಂಬವನು ಎಪ್ಪತ್ತೇಳರಷ್ಟು ಸೇಡು ತೀರಿಸುತ್ತೇನೆಂದು ಕೊಚ್ಚಿಕೊಂಡಿದ್ದ. ಸೇಡಿನ ಅದೇ ಅಂಕಿಯನ್ನು ಯೇಸು ಕ್ಷಮೆಗೆ ತಿರುಗಿಸಿದರೆಂದು ನನ್ನ ಓದು. ಆಮೇಲೆ ಬರುತ್ತದೆ ಕಥೆ. ಅರಸನೊಬ್ಬನಿಗೆ ಅವನ ಆಳು ಕೊಡಬೇಕಿದ್ದದ್ದು 10,000 ತಲಾಂತು.

ತಲಾಂತಿಗೆ 30 ಕಿಲೋ ಬೆಳ್ಳಿ ಎಂದಿಟ್ಟುಕೊಳ್ಳಿ. ಒಟ್ಟು 300 ಟನ್. ಮೈಸೂರು ದಸರೆಯ ಅಂಬಾರಿ 750 ಕಿಲೋ ತೂಗುತ್ತದೆ. ಅಂಥ 400 ಅಂಬಾರಿ, ಹೊರಲು 400 ಆನೆ! ಕೂಲಿಯ ಲೆಕ್ಕ ಇನ್ನೂ ಭೀಕರ. ತಲಾಂತಿಗೆ 6,000 ದಿನಾರಿ, ದಿನಾರಿ ಎಂದರೆ ಒಂದು ದಿನದ ಕೂಲಿ. ಹಾಗಾದರೆ 6 ಕೋಟಿ ದಿನದ ದುಡಿಮೆ. ವರ್ಷಕ್ಕೆ 300 ದಿನ ದುಡಿದು, ಒಂದು ಕಾಸೂ ತಿನ್ನದೆ ಕಟ್ಟಿದರೆ ಸಾಲ ತೀರಲು 2 ಲಕ್ಷ ವರ್ಷ! ಮನುಷ್ಯ ಬೇಸಾಯ ಕಲಿತು ಸುಮಾರು 10,000 ವರ್ಷ. ಅದರ ಇಪ್ಪತ್ತು ಪಟ್ಟು. ಮಲಾಡಿನಲ್ಲಿ ಫ್ಲ್ಯಾಟ್ ಕೊಂಡವರಿಗೆ 20 ವರ್ಷದ ಇಎಂಐ ಎಂದರೇ ಎದೆ ಭಾರ. ಇದು ಒಂದರ ಹಿಂದೊಂದು ಅಂಥ 10,000 ಸಾಲ. ಅರಸ ಅಷ್ಟನ್ನೂ ಒಂದೇ ಮಾತಿನಲ್ಲಿ ಮನ್ನಾ ಮಾಡಿದ.

ಹೊರಗೆ ಬಂದ ಆಳು ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಅವನಿಗೆ ಬಿಟ್ಟದ್ದು 3,000 ಕೋಟಿ, ಅವನು ಬಿಡದಿದ್ದದ್ದು 50,000 ರೂಪಾಯಿ. ಆರು ಲಕ್ಷಕ್ಕೆ ಒಂದು! ಸೊಸೈಟಿಯ ಪಾರ್ಕಿಂಗ್ ಜಗಳಕ್ಕೆ, ಊರಿನ ಆಸ್ತಿಯ ತಕರಾರಿಗೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮ ನಡುವೆ ಎಷ್ಟಿಲ್ಲ? ಮತ್ತಾಯ 18ನೇ ಅಧ್ಯಾಯ, 21ರಿಂದ 35ನೇ ವಚನ. ಹದಿನೈದೇ ವಚನ, ಎರಡು ನಿಮಿಷದ ಓದು. ನಿಮಗೆ ಬರಬೇಕಾದ ಬಾಕಿಯನ್ನು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಂಡು ಓದಿ.