ಭಾರವನ್ನು ಹಂಚಿಕೊಳ್ಳುವ ನಾಯಕತ್ವ: ವಿಮೋಚನಕಾಂಡ 18ರ ಪಾಠ

ಮೋಶೆಯು ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದನು. ನಮಗೆ ಅದು ಸಮರ್ಪಣೆಯಾಗಿ ತೋರಬಹುದು. ಅವನ ಮಾವನಾದ ಇತ್ರೋವನಿಗೆ ಅದು ದೋಷವಾಗಿ ಕಂಡಿತು. ಮೋಶೆಯೊಂದಿಗೆ, ದಿನವಿಡೀ ಕಾದು ನಿಂತ ಜನರೂ ಬಳಲಿಹೋಗುವರೆಂದು ಅವನು ಎಚ್ಚರಿಸಿದನು.

ಇತ್ರೋವನ ಸಲಹೆಯಲ್ಲಿ ಎರಡು ಅಂಶಗಳಿವೆ. ಜನರಿಗಾಗಿ ದೇವರ ಮುಂದೆ ನಿಲ್ಲುವುದು, ಆತನ ವಿಧಿಗಳನ್ನು ಬೋಧಿಸುವುದು, ಕಠಿಣವಾದ ವ್ಯಾಜ್ಯಗಳನ್ನು ವಿಚಾರಿಸುವುದು ಮೋಶೆಯ ಹೊಣೆಯಾಗಿಯೇ ಉಳಿಯಬೇಕು. ಉಳಿದ ಕಾರ್ಯಕ್ಕಾಗಿ ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅಧಿಪತಿಗಳನ್ನು ನೇಮಿಸಬೇಕು. ಅವರು ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚವನ್ನು ದ್ವೇಷಿಸುವವರೂ ಆಗಿರಬೇಕು. ಈ ನಾಲ್ಕರಲ್ಲಿ ಮೂರು ಶೀಲಕ್ಕೆ ಸಂಬಂಧಿಸಿದ ಗುಣಗಳೆಂಬುದು ಗಮನಾರ್ಹ.

ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತಂದವನು ಮಿದ್ಯಾನಿನ ಯಾಜಕನ ಮಾತಿಗೆ ಕಿವಿಗೊಟ್ಟು ಹಾಗೆಯೇ ಮಾಡಿದನು. ತಿದ್ದುಪಾಟನ್ನು ಸ್ವೀಕರಿಸುವ ಈ ದೀನತೆಯೇ ನಾಯಕನು ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ. ಯೆರೂಸಲೇಮಿನ ವಿಧವೆಯರ ವಿಷಯದಲ್ಲಿ ಗುಣುಗುಟ್ಟುವಿಕೆ ಉಂಟಾದಾಗ ಅಪೊಸ್ತಲರೂ ದೂರಿಗೆ ಕಿವಿಗೊಟ್ಟು, ಏಳು ಮಂದಿಗೆ ಹೊಣೆಯನ್ನು ಒಪ್ಪಿಸಿದರು.

ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟವನ್ನು ನಾವು ಅನೇಕ ವೇಳೆ ಸೇವಾನಿಷ್ಠೆಯೆಂದು ಕರೆದುಕೊಳ್ಳುತ್ತೇವೆ. ಆದರೆ ಸಭೆಯವರು ಹೊರಬಲ್ಲ ಭಾರವನ್ನು ನಾವೇ ಹೊತ್ತರೆ, ದೇವರು ಅವರಿಗೆ ಅನುಗ್ರಹಿಸಿದ ವರಗಳಿಗೆ ನಾವೇ ಅಡ್ಡಿಯಾಗುತ್ತೇವೆ.